ಬೀಳುವುದೇ ಕೆಲಸ, ನಿಲ್ಲುವುದೇ ಪರೀಕ್ಷೆ

ಬೀದಿದೀಪಗಳು ಇನ್ನೂ ಆರಿಲ್ಲ. ಜೂಡೊ ಶಾಲೆಯ ಹಾಲ್‌ನಲ್ಲಿ ಆಗಲೇ ಒಬ್ಬ ಹೆಂಗಸು ದೊಪ್ಪೆಂದು ಬೀಳುತ್ತಾರೆ, ಏಳುತ್ತಾರೆ, ಜಾಕೆಟ್ಟಿನ ಕೊರಳಪಟ್ಟಿ ಸರಿಮಾಡಿಕೊಂಡು ಮುಂದಿನವರಿಗೆ ತೋಳು ಕೊಡುತ್ತಾರೆ. ಸಾಲಿನಲ್ಲಿ ನಿಂತ ಮಕ್ಕಳು ಒಬ್ಬೊಬ್ಬರಾಗಿ ಬಂದು ಆಕೆಯನ್ನು ಎತ್ತಿ ಒಗೆಯುತ್ತಾರೆ. ಪ್ರತಿ ಸಲವೂ ಗದ್ದ ಎದೆಗೆ ಅಂಟುತ್ತದೆ, ಅಂಗೈ ಮ್ಯಾಟಿಗೆ ಬಡಿಯುತ್ತದೆ, ಪೆಟ್ಟು ಮೈಗೆ ತಾಗದೆ ನೆಲಕ್ಕೆ ಹೋಗುತ್ತದೆ.

ಮಕ್ಕಳು ಇಟ್ಟ ಹೆಸರು ದೊಪ್ಪಕ್ಕ. ವಯಸ್ಸು ನಲವತ್ತೊಂಬತ್ತು. ಕಲಿಯುವವರು ಎಸೆದು ಅಭ್ಯಾಸ ಮಾಡಲಿ ಎಂದು ಬೀಳುವುದೇ ಈಕೆಯ ನೌಕರಿ. ಬೆಳಗ್ಗೆ ಸಂಜೆ ಸೇರಿ ದಿನಕ್ಕೆ ನೂರು ಸಲವಾದರೂ ಬೀಳುತ್ತಾರೆ. ಇಪ್ಪತ್ತು ವರ್ಷಗಳಿಂದ ಈ ಶಾಲೆಗೆ ಪದಕ ತಂದವರೆಲ್ಲ ಮೊದಲು ಎಸೆದದ್ದು ಇವರನ್ನೇ. ಗೋಡೆ ತುಂಬ ಅವರ ಫೋಟೊಗಳಿವೆ. ಒಂದರ ಮೂಲೆಯಲ್ಲಿ ಮಾತ್ರ ಎರಡು ಪಾದಗಳು ಮೇಲಕ್ಕೆದ್ದಿರುವುದು ಕಾಣುತ್ತದೆ. "ಅದು ನಾನೇ" ಎಂದು ದೊಪ್ಪಕ್ಕ ಬೆರಳಿಟ್ಟು ತೋರಿಸುತ್ತಾರೆ.

"ಲೋಕದಲ್ಲಿ ಜನ ಬೀಳದೇ ಇರೋಕೆ ಒದ್ದಾಡ್ತಾರೆ. ನಮ್ಮ ಸೊಸೆ ಬಿದ್ದು ಸಂಬಳ ತರ್ತಾಳೆ" ಎನ್ನುವುದು ಅತ್ತೆಯ ಹಳೆಯ ಕುಹಕ. ಎಪ್ಪತ್ತು ದಾಟಿದರೂ ನಾಲಿಗೆಗೆ ತುಕ್ಕು ಹಿಡಿಯದ ಹೆಂಗಸು.

ದೊಪ್ಪಕ್ಕ ಇಲ್ಲಿಗೆ ಬಂದದ್ದು ಬೀಳಲಿಕ್ಕಲ್ಲ, ಬಟ್ಟೆ ಒಗೆಯಲಿಕ್ಕೆ. ಒಂದು ದಿನ ಒಗೆದ ಜಾಕೆಟ್ಟುಗಳ ಗಂಟು ಹೊತ್ತು ಬರುವಾಗ ಒದ್ದೆ ನೆಲದ ಮೇಲೆ ಕಾಲು ಜಾರಿತು. ಗಂಟಿಗೆ ಕೊಳೆಯಾಗಲಿಲ್ಲ, ಆಕೆಗೆ ಪೆಟ್ಟಾಗಲಿಲ್ಲ. ನೋಡುತ್ತಿದ್ದ ಕೋಚ್ ಓಡಿ ಬಂದವರು ಕೈ ಕೊಟ್ಟು ಎಬ್ಬಿಸುವುದು ಬಿಟ್ಟು, "ಇನ್ನೊಂದ್ಸಲ ಬೀಳಿ, ನೋಡೋಣ" ಎಂದರಂತೆ. "ನಂಗೆ ಸಿಟ್ಟು ನೆತ್ತಿಗೇರಿತ್ತು. ಆದ್ರೂ ಬಿದ್ದೆ" ಎಂದು ದೊಪ್ಪಕ್ಕ ನಗುತ್ತಾರೆ.

ಕೆಲಸದ ಮೊದಲ ದಿನ ಇನ್ನೊಂದು ಎಡವಟ್ಟಾಯಿತು. ಮೈಮುರಿಯುವ ಕೆಲಸ, ಶಕ್ತಿ ಬೇಕು ಎಂದು ಹೊಟ್ಟೆ ಬಿರಿಯುವಷ್ಟು ಉಂಡು ಬಂದರು. ಮೂರನೇ ಎಸೆತಕ್ಕೆ ಉಂಡದ್ದೆಲ್ಲ ಮ್ಯಾಟಿನ ಮೇಲಿತ್ತು, ಒರೆಸುವುದೂ ಅವರ ಪಾಲಿಗೇ ಬಂತು. ಅಂದಿನಿಂದ ತರಬೇತಿಗೆ ಒಂದು ಗಂಟೆ ಮೊದಲು ಒಂದು ಬಾಳೆಹಣ್ಣು, ಬೇಯಿಸಿದ ಅರ್ಧ ಆಲೂಗಡ್ಡೆ, ಒಂದೆರಡು ಗುಟುಕು ನೀರು. "ಹೊಟ್ಟೆ ತುಂಬಿದ್ರೆ ಬೀಳೋದು ಕಷ್ಟ, ಖಾಲಿ ಇದ್ರೆ ಏಳೋದು ಕಷ್ಟ" ಎನ್ನುತ್ತಾರೆ. ಸಾಲಿಗೆ ಬಂದ ಮಕ್ಕಳನ್ನೆಲ್ಲ ಮೊದಲು ಕೇಳುವುದೂ ಅದನ್ನೇ: "ಏನ್ ತಿಂದ್ಕೊಂಡು ಬಂದೆ?" ಏನೂ ಇಲ್ಲ ಎಂದವರ ಕೈಗೆ ಚೀಲದಿಂದ ಬಾಳೆಹಣ್ಣು ಬರುತ್ತದೆ, ಜೊತೆಗೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರುವ ಶಿಕ್ಷೆ.

ಇಷ್ಟೆಲ್ಲ ಕೇಳಬಹುದು, ಆದರೆ ಎಸೆತ ತಿದ್ದುವಂತಿಲ್ಲ. ಕಪ್ಪು ಬೆಲ್ಟ್ ಇಲ್ಲದವರು ಯಾರಿಗೂ ಪಾಠ ಹೇಳಬಾರದು ಎಂಬುದು ಶಾಲೆಯ ನಿಯಮ. ದೊಪ್ಪಕ್ಕ ಹೇಳದೆಯೂ ಇರಲಾರರು. ಎಸೆಯುವ ಮಗುವಿನ ಕಿವಿ ಹತ್ತಿರ ಬಂದಾಗ "ಕಾಲು ಒಳಗೆ ಇಡು" ಎಂದು ಪಿಸುಗುಟ್ಟುತ್ತಿದ್ದರು. ಅದನ್ನು ಕೇಳಿಸಿಕೊಂಡ ತಾಯಿಯೊಬ್ಬರು, "ಬೀಳೋ ಹೆಂಗಸಿಂದ ನನ್ನ ಮಗಳು ಕಲೀಬೇಕಾ?" ಎಂದು ಹಾಲ್ ತುಂಬ ಕೇಳುವ ಹಾಗೆ ಅಂದುಬಿಟ್ಟರು. ಕೋಚ್ ತಲೆ ತಗ್ಗಿಸಿದರು. ನಿಯಮ ಅವರ ಕೈಯಲ್ಲೂ ಇರಲಿಲ್ಲ.

"ಇಪ್ಪತ್ತು ವರ್ಷ ಬಿದ್ದಿದ್ದು ಯಾವತ್ತೂ ನೋಯಲಿಲ್ಲ. ಅವತ್ತು ನೋಯ್ತು" ಎನ್ನುತ್ತಾರೆ ದೊಪ್ಪಕ್ಕ.

ಪರೀಕ್ಷೆ ಕಟ್ಟಿದರು. ಒಂದೊಂದೇ ಬಣ್ಣದ ಬೆಲ್ಟ್ ದಾಟಿದರು. ಆ ಪರೀಕ್ಷೆಗಳಲ್ಲಿ ಸುಮ್ಮನೆ ನಿಂತವರನ್ನು ಎಸೆದು ತೋರಿಸಿದರೆ ಸಾಕಿತ್ತು. ಕಪ್ಪು ಬೆಲ್ಟಿಗೆ ನಿಜವಾದ ಪಂದ್ಯ ಗೆಲ್ಲಬೇಕು. ಹೋದ ವರ್ಷ ಎದುರಾಳಿ ಕೊರಳಪಟ್ಟಿ ಹಿಡಿದು ತಿರುಗಿದ್ದೇ ತಡ, ದೊಪ್ಪಕ್ಕ ತಾವೇ ಜಿಗಿದು ಅಚ್ಚುಕಟ್ಟಾಗಿ ಬಿದ್ದುಬಿಟ್ಟರು. ಎಸೆಯುವ ಮೊದಲೇ ಬಿದ್ದವರನ್ನು ಕಂಡು ಎದುರಾಳಿಯೇ ಕಕ್ಕಾಬಿಕ್ಕಿ. ಹಾಲ್‌ಗೆ ಹಾಲೇ ನಕ್ಕಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ಪೈಕಿ ಅಲ್ಲ ಈಕೆ. "ಮೈ ನನ್ನ ಮಾತೇ ಕೇಳಲಿಲ್ಲ" ಎಂದು ಒಪ್ಪಿಕೊಂಡರು. ಐವತ್ತು ತುಂಬಿದವರಿಗೆ ಪರೀಕ್ಷೆ ಇಲ್ಲ. ಉಳಿದದ್ದು ಈ ವರ್ಷದ್ದೊಂದೇ.

ಸೋತು ಬಂದ ಆ ರಾತ್ರಿ ಊಟ ಬೇಡವೆಂದು ಮಲಗಿದ ಸೊಸೆಯನ್ನು ಕಂಡು ಅತ್ತೆಯ ಕುಹಕ ಅಲ್ಲಿಗೇ ನಿಂತಿತು. ಮಾರನೆಯ ದಿನ ಪಾತ್ರೆ ತೊಳೆಯುತ್ತಿದ್ದವರ ನೈಟಿಯ ಕೊರಳಪಟ್ಟಿಗೆ ಅತ್ತೆ ಹಿಂದಿನಿಂದ ಬಂದು ಕೈ ಹಾಕಿ ಜಗ್ಗಿದರು. ದೊಪ್ಪಕ್ಕ ದೊಪ್ಪೆಂದರು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ. ಇದು ಹುಟ್ಟುಗುಣ ಅಲ್ವಲ್ಲ, ಸಂಬಳದ ಗುಣ. ಹೋಗತ್ತೆ. ಏಳು" ಎಂದರು ಅತ್ತೆ.

ಅಲ್ಲಿಂದ ವರ್ಷವಿಡೀ ಆ ಮನೆಯಲ್ಲಿ ಸೊಸೆಯ ಕೊರಳಪಟ್ಟಿಗೆ ಉಳಿಗಾಲವಿರಲಿಲ್ಲ. ಬಟ್ಟೆ ಹರವುವಾಗ, ಬಾಗಿಲು ತೆರೆಯುವಾಗ, ಫೋನಿನಲ್ಲಿ ಮಾತಾಡುವಾಗ ಅತ್ತೆ ಎಲ್ಲಿಂದಲೋ ಬಂದು ಜಗ್ಗುತ್ತಿದ್ದರು, "ನಿಂತ್ಕೋ!" ಎನ್ನುತ್ತಿದ್ದರು. ಬಸ್ ಓಡಿಸುವ ಮಗ ಒಂದು ದಿನ ಪಾಳಿ ಮುಗಿಸಿ ಮನೆಗೆ ಬಂದು, ಅಮ್ಮ ಹೆಂಡತಿಯ ಕುತ್ತಿಗೆ ಹಿಡಿದದ್ದು ಕಂಡು ಬಿಡಿಸಲು ಹೋದ. ಇಬ್ಬರ ಕೈಯಲ್ಲೂ ಬೈಸಿಕೊಂಡ.

ಹೋದ ಭಾನುವಾರ ಪರೀಕ್ಷೆ. ಎದುರಿಗೆ ಬೇರೆ ಶಾಲೆಯ ಇಪ್ಪತ್ತೈದರ ಹುಡುಗಿ, ದೊಪ್ಪಕ್ಕನಿಗಿಂತ ಒಂದು ಗೇಣು ಎತ್ತರ. ಬೆಂಚಿನ ಮೇಲೆ ಅತ್ತೆ, ಮಡಿಲಲ್ಲಿ ಸೊಸೆ ತಿಂದ ಬಾಳೆಹಣ್ಣಿನ ಸಿಪ್ಪೆ. ಹುಡುಗಿ ಕೊರಳಪಟ್ಟಿ ಹಿಡಿಯುತ್ತಾಳೆ, ತಿರುಗುತ್ತಾಳೆ. ದೊಪ್ಪಕ್ಕನ ಹಿಮ್ಮಡಿ ನೆಲ ಬಿಡುತ್ತದೆ.

"ನಿಂತ್ಕೊಳ್ಳೇ!" ಬೆಂಚಿನಿಂದ ಕೂಗು ಬರುತ್ತದೆ.

ಹಿಮ್ಮಡಿ ನೆಲಕ್ಕೆ ಮರಳುತ್ತದೆ. ಮಂಡಿ ಬಾಗುತ್ತದೆ, ಸೊಂಟ ಇಳಿಯುತ್ತದೆ. ಹುಡುಗಿ ಎಷ್ಟು ಎಳೆದರೂ ದೊಪ್ಪಕ್ಕ ನೆಟ್ಟ ಗೂಟದ ಹಾಗೆ ಅಲ್ಲೇ ಇದ್ದಾರೆ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ, ಒಂದು ಕಾಲು ಒಳಗೆ. ಹುಡುಗಿ ಗಾಳಿಯಲ್ಲಿ ಸುತ್ತಿ ಬೆನ್ನ ಮೇಲೆ ಬೀಳುತ್ತಾಳೆ. ಅವಳ ತಲೆ ನೆಲಕ್ಕೆ ತಾಗದಂತೆ ದೊಪ್ಪಕ್ಕ ತೋಳನ್ನು ಬಿಗಿಯಾಗಿ ಹಿಡಿದೇ ಇದ್ದಾರೆ. ತೀರ್ಪುಗಾರರ ಕೈ ನೇರ ಮೇಲಕ್ಕೇಳುತ್ತದೆ: ಪೂರ್ಣ ಅಂಕ, ಪಂದ್ಯ ದೊಪ್ಪಕ್ಕನದು. ಹಾಲ್ ಎದ್ದು ನಿಲ್ಲುತ್ತದೆ. ಕೋಚ್ ಅಳುತ್ತಾರೆ. ಅತ್ತೆ ಅಕ್ಕಪಕ್ಕದವರಿಗೆಲ್ಲ, "ನಾನೇ ತಯಾರು ಮಾಡಿದ್ದು" ಎಂದು ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

ಸೋಮವಾರ, ಬೀದಿದೀಪ ಆರುವ ಮೊದಲೇ ದೊಪ್ಪಕ್ಕ ಮ್ಯಾಟಿನ ಮೇಲೆ ಹಾಜರು. ಸೊಂಟದಲ್ಲಿ ಕಪ್ಪು ಬೆಲ್ಟ್. ಸಾಲಿನ ಮೊದಲ ಹುಡುಗಿ, ಅಂದು ದೂರಿದ ತಾಯಿಯ ಮಗಳೇ, ಮುಟ್ಟಲು ಹಿಂಜರಿಯುತ್ತಾಳೆ. ತಾಯಿ ಬಾಗಿಲ ಬಳಿ ನಿಂತು ನೋಡುತ್ತಿದ್ದಾರೆ.

"ಎಸಿಯಮ್ಮ. ಬೆಲ್ಟ್ ಬದಲಾಗಿದೆ, ಕೆಲಸ ಅದೇ."

ಹುಡುಗಿ ಎಸೆಯುತ್ತಾಳೆ. ದೊಪ್ಪಕ್ಕ ಬೀಳುತ್ತಾರೆ. ಬಿದ್ದಲ್ಲಿಂದಲೇ, ಬಾಗಿಲವರೆಗೂ ಕೇಳುವಷ್ಟು ಗಟ್ಟಿ ದನಿಯಲ್ಲಿ ಹೇಳುತ್ತಾರೆ:

"ಕಾಲು ಇನ್ನೂ ಒಳಗೆ ಇಡ್ಬೇಕು. ಇನ್ನೊಂದ್ಸಲ!"