ಆಗಸ್ಟಿನ ಕಳ್ಳ ಚುಕ್ಕೆಗಳು

ನಾನು ಚಿಕ್ಕವನಿದ್ದಾಗ ನಮ್ಮ ಹೋಟೆಲನ್ನು ಒಬ್ಬನೇ ಉಳಿಸಿದ್ದೆ. ನೀವು ನಂಬುವುದಿಲ್ಲ, ಗೊತ್ತು. ಆಗ ನನಗೆ ಎಂಟು, ಈಗ ಹದಿನಾರು. ನಿಮ್ಮಂಥ ಪುಟಾಣಿಗಳ ಮುಂದೆ ನಾನು ಅಜ್ಜನೇ ಸರಿ. ಸುಮ್ಮನೆ ಓದಿ.

ಅಪ್ಪ ರಬಾಳೆಯ ಕ್ಯಾಂಟೀನ್ ಕೆಲಸ ಬಿಟ್ಟು, ಅಲ್ಲೇ ಹತ್ತಿರದ ಮರಾಠಿಗರ ಊರು ಕೋಪರಿಯಲ್ಲಿ ಹೋಟೆಲ್ ತೆರೆದಿದ್ದರು. ಎಷ್ಟು ಸಣ್ಣದೆಂದರೆ, ಒಬ್ಬ ಗಿರಾಕಿ ಸೀನಿದರೆ ಮೂರು ಮೇಜಿನ ಸಾಂಬಾರು ಅಲುಗುತ್ತಿತ್ತು. ಮೊದಲ ವರ್ಷದ ಆಗಸ್ಟಿನಲ್ಲಿ ಶ್ರಾವಣ ಸೋಮವಾರದ ಉಪವಾಸದವರು ಸಬ್ಬಕ್ಕಿಯ ಸಾಬುದಾನಾ ಖಿಚಡಿ ಕೇಳಿಕೊಂಡು ಬಂದರು. ನಮ್ಮಲ್ಲಿದ್ದದ್ದು ಇಡ್ಲಿ. ಅವರು ಎದುರಿನ ಅಂಗಡಿಗೆ ಹೋದವರು ಉಪವಾಸ ಮುಗಿದರೂ ಅಲ್ಲೇ ಉಳಿದರು.

ಮುಂದಿನ ಜನವರಿಯ ಮೊದಲ ಭಾನುವಾರ ಮಧ್ಯಾಹ್ನ ಅಪ್ಪ ಶಟರ್ ಅರ್ಧ ಎಳೆದು, ಮಂಚದಷ್ಟು ದೊಡ್ಡ ಮರಾಠಿ ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿದರು. ಒರೆಸಿದ ನೆಲದ ಫಿನಾಯಿಲ್ ವಾಸನೆಯ ಜೊತೆ ಒಗ್ಗರಣೆಯ ಘಮ ಇನ್ನೂ ಉಳಿದಿತ್ತು.

"ಇಡೀ ವರ್ಷವನ್ನು ಇವತ್ತೇ ಕೂತು ಕಟ್ಟುವಾ. ಈ ಸಲವೂ ತಪ್ಪಿದರೆ ಬಾಗಿಲು ಹಾಕಿ ಕ್ಯಾಂಟೀನಿಗೇ ವಾಪಸ್," ಎಂದರು.

ಅಕ್ಕ ನೋಟ್‌ಬುಕ್ ಹಿಡಿದಳು. ಉಪವಾಸದ ದಿನಗಳಿಗೆ ಕೆಂಪು ಚುಕ್ಕೆ ಇಡುವ ಕೆಲಸ ನನ್ನದು. ಅಪ್ಪ ಕರಾವಳಿಯ ನಮ್ಮೂರಿನ ಪಂಚಾಂಗ ನೋಡಿ ಹೇಳುತ್ತಾ ಹೋದರು. ಮೇ ತಿಂಗಳಿಗೆ ಮಜ್ಜಿಗೆ, ಮಳೆಗೆ ಬಜ್ಜಿ. ಖಿಚಡಿ ಮಾಡಲು ಬರುತ್ತಿದ್ದದ್ದು ಅಡುಗೆಯ ಭಟ್ಟರಿಗೊಬ್ಬರಿಗೇ. ಅವರಿಗೆ ಊರಿಗೆ ಹೋಗಲು ಆಗಸ್ಟಿನ ಮೊದಲ ಎರಡು ವಾರ ರಜೆ.

"ನಮ್ಮ ಸೋಣ ತಿಂಗಳೇ ಇವರ ಶ್ರಾವಣ. ಅದು ಶುರುವಾಗುವುದು ಹದಿನೇಳಕ್ಕೆ. ಅಷ್ಟರೊಳಗೆ ಭಟ್ರು ಬಂದು ಮುಟ್ತಾರೆ," ಎಂದರು ಅಪ್ಪ.

ನಾನು ಮಾತ್ರ ಅಪ್ಪ ಹೇಳದ ಸೋಮವಾರಗಳಿಗೂ ಚುಕ್ಕೆ ಇಟ್ಟಿದ್ದೆ. ಅಕ್ಕನ ಹದ್ದಿನ ಕಣ್ಣಿಗೆ ಬಿತ್ತು.

"ಏ ಕಳ್ಳ, ಆಗಸ್ಟ್ ನಾಲ್ಕಕ್ಕೆ ಯಾರ ಉಪವಾಸ? ಹನ್ನೊಂದಕ್ಕೆ?"

"ಆವತ್ತು ನಮಗೆ ಹಾಫ್ ಡೇ ಶಾಲೆ. ಮನೆಗೆ ಬರುವಾಗ ಬಿಸಿ ಸಾಬುದಾನಾ ವಡೆ ಬೇಕಲ್ಲ?"

"ಹಾಫ್ ಡೇ ಎಂತಕ್ಕೆ?" ಅಪ್ಪ ಕೇಳಿದರು.

"ಶ್ರಾವಣ ಸೋಮವಾರ ಅಲ್ವಾ? ಇಲ್ಲಿ ಮರಾಠಿಯಲ್ಲಿ ಬರೆದಿದೆ ನೋಡಿ."

ಅಪ್ಪನ ಕೈಯಲ್ಲಿದ್ದ ಚಹಾ ನಿಂತಲ್ಲೇ ತಣ್ಣಗಾಗಿ ಮಂಜುಗಡ್ಡೆಯಾಯಿತು. ಊರಿನ ಸೋಣಕ್ಕೆ ಸೂರ್ಯನ ಲೆಕ್ಕ, ಇಲ್ಲಿಯ ಶ್ರಾವಣಕ್ಕೆ ಚಂದ್ರನ ಲೆಕ್ಕ. ಹಿಂದಿನ ವರ್ಷ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿದ್ದವು. ಈ ವರ್ಷ ಶ್ರಾವಣ ಮೊದಲೇ ಬರುತ್ತಿತ್ತು, ಅದೂ ಭಟ್ಟರು ಊರಲ್ಲಿರುವಾಗ.

"ಅಳಿಸು. ಪುನಃ ಜನವರಿಯಿಂದ," ಎಂದರು ಅಪ್ಪ. ಸಂಜೆಯ ಗಿರಾಕಿಗಳು ಶಟರ್ ಬಡಿದರೂ ಡಿಸೆಂಬರ್ ಮುಗಿಯುವವರೆಗೆ ಏಳಲಿಲ್ಲ. ಭಟ್ಟರ ರಜೆ ಮೇ ತಿಂಗಳಿಗೆ ಹೋಯಿತು. ಆಗಸ್ಟ್ ನಾಲ್ಕರಂದು ಬೆಳಿಗ್ಗೆ ಹತ್ತಕ್ಕೇ ಖಿಚಡಿಯ ಪಾತ್ರೆ ಖಾಲಿ. ಎದುರಿನ ಅಂಗಡಿಯವನೂ ಕದ್ದು ಬಂದು ತಿಂದನಂತೆ.

ಈಗ ನೀವು ಫೋನ್ ಒತ್ತಿದರೆ ನೂರು ವರ್ಷದ ಶ್ರಾವಣ ಕಾಣುತ್ತದೆ. ಆದರೆ ಭಟ್ಟರನ್ನು ಯಾವಾಗ ಊರಿಗೆ ಕಳಿಸಬೇಕೆಂದು ಫೋನ್ ಹೇಳುವುದಿಲ್ಲ. ಅದಕ್ಕೆ ಕೂತು ಯೋಚಿಸಬೇಕು, ಪಕ್ಕದಲ್ಲಿ ನನ್ನಂಥ ಬುದ್ಧಿವಂತ...

ಅಷ್ಟರಲ್ಲಿ ಅಪ್ಪ ಒಳಗೆ ಬಂದು ಇಷ್ಟನ್ನೂ ಓದಿದರು.

"ನಿನ್ನ ಹುಟ್ಟುಹಬ್ಬಕ್ಕೂ ಚುಕ್ಕೆ ಇಟ್ಟಿದ್ದೆಯಲ್ಲ ಮಾರಾಯ, ಅದನ್ನು ಬರೆಯಲಿಲ್ಲ?" ಎನ್ನುತ್ತಾ ನನ್ನ ಹಾಳೆಯ ಮೇಲೆಯೇ ಹೊಸ ಕ್ಯಾಲೆಂಡರ್ ಹಾಸಿ, ಕೆಂಪು ಪೆನ್ಸಿಲ್ ಕೈಗಿಟ್ಟರು. "ಕೂತ್ಕೋ. ಜನವರಿ."