ತಾತ ತಟ್ಟದ ಬಂಡೆ

ತಾತನ ಎಡಗೈ ಹೆಬ್ಬೆರಳಿನ ಉಗುರು ಹುಣಸೆಬೀಜದಂತೆ ಕಪ್ಪಾಗಿ, ನಡುವೆ ಸೀಳಿಕೊಂಡಿತ್ತು. ಬದುಕಿಡೀ ಕಲ್ಲು ಕಡೆದ ಕೈ. ಸುತ್ತಿಗೆ ಗುರಿ ತಪ್ಪಿದ್ದು ಒಂದೇ ಸಲ ಎಂದು ಆ ಉಗುರನ್ನೇ ತೋರಿಸುತ್ತಿದ್ದರು. ಬಲಗೈ ಗೆಣ್ಣಿನಿಂದ ಬಂಡೆಯನ್ನು, ಯಾರದೋ ಮನೆ ಬಾಗಿಲು ಎಂಬಂತೆ ತಟ್ಟಿ ಕಿವಿಗೊಡುತ್ತಿದ್ದರು. ಪೊಳ್ಳು ಸದ್ದು ಬಂದರೆ ಎಲೆಅಡಿಕೆ ಸಂಚಿಯಿಂದ ಸುಣ್ಣ ತೆಗೆದು ಅಲ್ಲೊಂದು ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ ಕಲ್ಲನ್ನು ಯಾರೂ ಹಿಡಿಯುವಂತಿಲ್ಲ.

ಪಾಂಡವಪುರದ ಆಚೆ ಕುರುಚಲು ಕಾಡಿನ ಬೆಟ್ಟವೊಂದಕ್ಕೆ ನಾನು ಗೆಳೆಯರ ಜೊತೆ ಬಂಡೆ ಹತ್ತಲು ಹೋಗತೊಡಗಿದ್ದು ಬಿ.ಎಸ್ಸಿ. ಮುಗಿಸಿ ಶಾಲೆಯೊಂದರಲ್ಲಿ ಮೇಷ್ಟ್ರಾದ ವರ್ಷ. ಕೆಲಸ ಕಾಯಂ ಆಗಿರಲಿಲ್ಲ. ಊರವರೆಲ್ಲ ತಾತ ಎನ್ನುತ್ತಿದ್ದ ಅವರು ವಯಸ್ಸಾದ ಮೇಲೆ ಅಲ್ಲೇ ಮೇಕೆ ಮೇಯಿಸುತ್ತಿದ್ದರು. ಬಿದ್ದರೆ ಪೆಟ್ಟಾಗದಿರಲೆಂದು ನಾವು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದ ದಪ್ಪ ಹಾಸುಗಳನ್ನು ಕಂಡು ನಕ್ಕರು.

“ಆಸ್ಗೆ ಒತ್ಕಂಡ್ ಬಂದಿದ್ದೀರಲ್ಲಾ, ಅತ್ತಾಕೋ ಮನಿಕ್ಕಳಾಕೋ?”

“ಬಿದ್ರೆ ಏಟಾಗಬಾರದಲ್ಲ ತಾತ.”

“ನೀನ್ ಬಿದ್ರೆ ಆಸ್ಗೆ ಐತೆ. ಕಲ್ಲೇ ನಿನ್ ಮ್ಯಾಲೆ ಬಿದ್ರೆ ಏನ್ ಒದ್ಕತೀಯಲಾ, ಬೀಯಸ್ಸಿ?”

ಅಂದಿನಿಂದ ಅವರು ತಟ್ಟದೆ ನಾವು ಹತ್ತುತ್ತಿರಲಿಲ್ಲ. ಹೋದ ವಾರ ನೋಡಿದ್ರಲ್ಲ ಎಂದರೆ, “ಓದ್ವಾರ ನೀನೂ ಉಂಡಿದ್ದೆ. ಇವತ್ತು ಉಣ್ಣಾಕಿಲ್ವ?” ಎನ್ನುತ್ತಿದ್ದರು. ಬಿಸಿಲಿಗೆ ಕಾದು ಮಳೆಗೆ ತಣಿಯುವ ಕಲ್ಲು ವಾರದಲ್ಲೇ ಚಕ್ಕೆ ಬಿಡುತ್ತದೆ ಎಂಬುದು ಅವರ ಲೆಕ್ಕ.

ಆಮೇಲೆ ಹೊರಗಿನಿಂದ, ಬಂಡೆ ಹತ್ತುವ ಶಿಬಿರ ನಡೆಸುವ ಒಬ್ಬ ಸಂಘಟಕ ಬಂದ. ಭಾನುವಾರ ಹೊಸಬರನ್ನು ಕರೆತರುತ್ತಿದ್ದ, ನಾನು ನೆರವಿಗೆ ನಿಲ್ಲುತ್ತಿದ್ದೆ. ಅಂಥ ಒಂದು ಭಾನುವಾರ, ಹಿಂದಿನ ದಿನವೆಲ್ಲ ಮಳೆ ಸುರಿದಿತ್ತು. ಮೇಕೆ ಈಯುತ್ತಿದೆ, ತಡವಾಗುತ್ತದೆ ಎಂದು ತಾತ ಹೇಳಿಕಳಿಸಿದ್ದರು.

“ಆ ಮುದುಕ ಬಂದು ಕಲ್ಲು ತಟ್ಟೋವರೆಗೂ ಇವರನ್ನ ಬಿಸಿಲಲ್ಲಿ ಒಣಗಿಸ್ಲಾ? ನೋಡಿದಾನಾ ಇಲ್ವಾ, ಅಷ್ಟು ಹೇಳು,” ಎಂದ ಸಂಘಟಕ.

“ನೋಡಿದಾರೆ,” ಎಂದೆ.

ಒಬ್ಬ ಹುಡುಗಿ ಹತ್ತತೊಡಗಿದಳು. ನಾನು ಕೆಳಗೆ ಕೈಯೆತ್ತಿ ನಿಂತಿದ್ದೆ. ಮೇಲೆ ಅಗುಳಿ ತೆಗೆದಂಥ ಒಂದು ಸದ್ದು. ಅವಳು ಹಿಡಿದಿದ್ದ ಚಕ್ಕೆ ಬಂಡೆಯಿಂದ ಬಿಟ್ಟುಕೊಂಡಿತು. ಅದರ ಹಿಂಬದಿಯ ಒದ್ದೆ ಮಣ್ಣು, ಬಿಳಿ ಇರುವೆಮೊಟ್ಟೆಗಳು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತವೆ. ನನ್ನ ಕಾಲು ಕದಲಲಿಲ್ಲ.

“ಈಚಿಕ್ ಬಾರ್ಲಾ!”

ಯಾರೋ ಕಾಲರು ಹಿಡಿದು ಎಳೆದರು. ಹುಡುಗಿ ಹಾಸಿನ ಮೇಲೆ ಬಿದ್ದಳು, ಅವಳಿಗೇನೂ ಆಗಲಿಲ್ಲ. ಹೊಸ್ತಿಲಷ್ಟು ಉದ್ದದ ಆ ಕಲ್ಲು ನಾನು ನಿಂತಿದ್ದ ಜಾಗಕ್ಕೆ ಬಿತ್ತು. ಅದರಡಿ ತಾತನ ಬಲಗೈ ಇತ್ತು.

ಆಸ್ಪತ್ರೆಗೆ ಪೊಲೀಸರು ಬಂದಾಗ ಸಂಘಟಕ ರೆಪ್ಪೆ ಬಡಿಯದೆ, “ಆ ಮುದುಕನೇ ಗಟ್ಟಿಯಿದೆ ಅಂದಿದ್ದು,” ಎಂದ. ತಾತ ನನ್ನ ಮುಖ ನೋಡಿದರು. “ಊ ಕಣ್ ಸ್ವಾಮಿ, ನಾನೇ ತಟ್ಟಿದ್ದೆ. ಕಿವಿ ಮಂದ ಆಗೋಗದೆ.”

ನಾನು ಬಾಯಿ ಬಿಡಲಿಲ್ಲ.

ಆ ಸಂಘಟಕ ಈಗ ಬೇರೊಂದು ಬೆಟ್ಟಕ್ಕೆ ಜನರನ್ನು ಕರೆದೊಯ್ಯುತ್ತಾನೆ. ಅವನ ನಗುವ ಫೋಟೊ ಕಂಡಾಗಲೆಲ್ಲ ಹಲ್ಲು ಕಚ್ಚುತ್ತೇನೆ. ಕಚ್ಚಲು ನನಗೇನು ಹಕ್ಕಿದೆ? ಮನೆ ಕಟ್ಟುವವರು ಹೊಸ್ತಿಲು, ಕಂಬದ ಕಲ್ಲು ತಟ್ಟಿ ನೋಡಲು ತಾತನನ್ನೇ ಕರೆಯುತ್ತಿದ್ದರು. ಆಮೇಲೆ ಯಾರೂ ಕರೆಯಲಿಲ್ಲ. ಊರಿನ ಬಾಯಲ್ಲಿ ಅವರು ಕಿವುಡರಾದರು.

ಒಮ್ಮೆ ಹೋಗಿ ಕೇಳಿದೆ. “ಯಾಕೆ ತಾತ ಹಂಗಂದ್ರಿ?”

“ಈ ಮೊಂಡ್ಗೈಲಿ ನಾನಿನ್ ಯಾವ ಕಲ್ಲು ತಟ್ಲಿ? ನಿನ್ ಕೆಲ್ಸನಾದ್ರೂ ಉಳೀಲಿ. ಓಗ್ಲಾ, ಇಸ್ಕೂಲ್ಗೆ ವತ್ತಾಯ್ತು.”

ಈ ದೊಡ್ಡತನವನ್ನು ಅವರಲ್ಲಿ ಕೇಳಿದವರು ಯಾರು? ಬೈದಿದ್ದರೆ ಆಗುತ್ತಿತ್ತು. ಎರಡು ಬಾರಿಸಿದ್ದರೆ ಆಗುತ್ತಿತ್ತು. ಸಿಟ್ಟಿನಲ್ಲೇ ಮನೆಗೆ ಬಂದೆ. ನನ್ನ ಕೆಲಸ ಕಾಯಂ ಆಯಿತು.

ಹೋದ ಚಳಿಗಾಲ ತಾತ ತೀರಿಕೊಂಡರು. ಮಣ್ಣು ಮಾಡುವಾಗ ಯಾರೋ, “ಒಳ್ಳೆ ಕಲ್ಕುಟ್ಗ, ಪಾಪ. ಕಡೇಲಿ ಕಿವಿ ಕೈಕೊಡ್ತು,” ಎಂದರು.

“ಕಿವಿ ಚೆನ್ನಾಗಿತ್ತು,” ಎಂದೆ. ಎಲ್ಲರೂ ನನ್ನತ್ತ ತಿರುಗಿದರು. “ಅವರು ಆ ಬಂಡೆ ತಟ್ಟಿರಲಿಲ್ಲ. ತಟ್ಟಿದಾರೆ ಅಂತ ಸುಳ್ಳು ಹೇಳಿದ್ದು ನಾನು.”

ಗುಣಿಗೆ ಮಣ್ಣು ಎಳೆಯುತ್ತಿದ್ದ ಅವರ ಮಗ ಸನಿಕೆ ನಿಲ್ಲಿಸಿ ನನ್ನನ್ನು ನೋಡಿದ.

“ಅಪ್ಪನ್ ಕಿವಿ ಕೇಳ್ತಿದ್ದಾಗ ಏಳ್ಬೇಕಿತ್ತು ಕಣಯ್ಯ,” ಎಂದು ಮತ್ತೆ ಮಣ್ಣು ಎಳೆಯತೊಡಗಿದ.