ಎತ್ತಿನಿಂದ ಇಳಿದ ಹೆಳವಪ್ಪ

ಮೊನ್ನೆ ಆಂಡರ್ಸನ್‌ಪೇಟೆಯ ಅಂಗಡಿಯಲ್ಲಿ ಕರಿಕಂಬಳಿಯೊಂದನ್ನು ಬಿಡಿಸಿ ತೋರಿಸಿದರು. ಕುರಿಯುಣ್ಣೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಹೆಳವಪ್ಪ ಕಣ್ಣೆದುರು ಬಂದ. ಕಂಬಳಿ ಕೊಳ್ಳದೆ ವಾಪಸು ಬಂದೆ.

ಮಾರಿಕುಪ್ಪಂನ ಗಣಿ ಕೂಲಿಗಳ ಲೈನುಮನೆಯಲ್ಲಿ ಬೆಳೆದ ನನಗೆ ಹೆಳವರೆಂದರೆ ಯಾರೆಂದೇ ಗೊತ್ತಿರಲಿಲ್ಲ. ಮದುವೆಯಾಗಿ ಬೇತಮಂಗಲದ ಹತ್ತಿರದ ಹಳ್ಳಿಗೆ ಬಂದ ಮೇಲೆ ನೋಡಿದ್ದು. ಸುಗ್ಗಿ ಮುಗಿದ ಮೇಲೆ ಅವನು ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು ಬರುತ್ತಿದ್ದ. ಅಂಗಳದಲ್ಲೇ ಎತ್ತು ನಿಲ್ಲಿಸಿ, ಪಾಳೇಗಾರನ ಕೋಟೆ ಕಾದ ನಮ್ಮ ಮೂಲಪುರುಷನಿಂದ ಹಿಡಿದು ನಿನ್ನೆ ಮೊನ್ನೆ ಹುಟ್ಟಿದ ಕೂಸಿನವರೆಗೆ ಮನೆತನದ ಹೆಸರುಗಳನ್ನೆಲ್ಲ ರಾಗವಾಗಿ ಒಪ್ಪಿಸುತ್ತಿದ್ದ. ಹೊಸ ಕೂಸಿನ ಹೆಸರು ಸೇರಿದರೆ ಮನೆಯವರು ಮೊರದ ತುಂಬ ರಾಗಿ ಕೊಡಬೇಕು. ಎಂಥ ಮನೆಯ ಮುಂದೆಯೂ ಅವನು ಎತ್ತಿನಿಂದ ಇಳಿಯುವಂತಿರಲಿಲ್ಲ. ಅದು ಅವರ ಕುಲದ ಕಟ್ಟಳೆ. ನಾನಂತೂ ಅವನಿಗೆ ಕಾಲೇ ಇಲ್ಲವೆಂದು ನಂಬಿದ್ದೆ.

ನಮ್ಮ ಮಾವನವರ ಅತ್ತಿಗೆಯನ್ನು ನಾನು ದೊಡ್ಡತ್ತೆ ಎನ್ನುತ್ತಿದ್ದೆ. ಅವರ ಗಂಡ ಮೊದಲನೇ ಮಹಾಯುದ್ಧದಲ್ಲಿ ಪಲ್ಟನ್ನಿನ ಜೊತೆ ಹೋಗಲು ಬಂಗಾರಪೇಟೆಯಲ್ಲಿ ರೈಲು ಹತ್ತಿದವರು ಮರಳಲಿಲ್ಲ. ಸತ್ತ ಸುದ್ದಿಯೂ ಇಲ್ಲ. ದೊಡ್ಡತ್ತೆಯ ಹಣೆಯ ಕುಂಕುಮ ಕಂಡಾಗಲೆಲ್ಲ ಊರ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಒಂದು ವರ್ಷ ಅವರು ಕೈಯ ಬೆಳ್ಳಿ ಕಡಗ ಬಿಚ್ಚಿ ಹೆಳವಪ್ಪನಿಗೆ ಕೊಟ್ಟರು.

"ನಿಮ್ಮೋರು ದೇಸೆಲ್ಲಾ ತಿರುಗ್ತೀರಿ. ಅವ್ರು ಇದಾರೋ ಇಲ್ವೋ, ಒಸಿ ವಿಚಾರ್ಸಪ್ಪ."

ಮುಂದಿನ ಸುಗ್ಗಿಗೆ ಬಂದ. ಹೆಸರು ಕೇಳಲು ಅಕ್ಕಪಕ್ಕದವರೆಲ್ಲ ಜಗಲಿ ತುಂಬಿದ್ದರು. ಅವನು ಹೆಸರು ಎತ್ತುವ ಮೊದಲೇ ಕಂಬಳಿ ಸರಿಸಿ, ಎತ್ತಿನಿಂದ ಇಳಿದು, ನಡೆದೇ ಬಂದ… ಜನ ದಂಗಾದರು. ಬಾಗಿಲಲ್ಲಿ ದೊಡ್ಡತ್ತೆಯ ಪಕ್ಕ ನಿಂತಿದ್ದ ನನಗೆ ಮಾತ್ರ ಅವನ ಪಿಸುಮಾತು ಕೇಳಿಸಿತು.

"ಬಳ್ಳಾರಿ ತಾವ ಅವ್ರೆ ತಾಯಿ. ಬ್ಯಾರೆ ಸಂಸಾರ, ಇಬ್ರು ಗಂಡುಮಕ್ಳು. ತೀರೋದ್ರು ಅಂತ ಅಂದ್ಬುಡ್ಲಾ? ನಿಮ್ ಮಾನ ಉಳೀತದೆ."

ದೊಡ್ಡತ್ತೆ ಬಾಗಿಲು ಹಿಡಿದು ನಿಂತರು. "ಬದುಕಿರೋರ್ನ ಸಾಯಿಸ್ಬ್ಯಾಡಪ್ಪ. ಇದ್ದದ್ದು ಇದ್ದಂಗೆ ಹೇಳು."

ಅವನು ಮತ್ತೆ ಎತ್ತು ಹತ್ತಿ ಕಂಬಳಿ ಹೊದ್ದುಕೊಂಡ. ಒಪ್ಪಿಸಿದ. ಮನೆಯ ದೊಡ್ಡ ಮಗ, ಹಿರಿಯ ಹೆಂಡತಿ, ಕಿರಿಯ ಹೆಂಡತಿ, ಕಿರಿಯವಳ ಇಬ್ಬರು ಮಕ್ಕಳು… ಜಗಲಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆ ನಗು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ದೊಡ್ಡತ್ತೆ ಒಳಗೆ ಹೋಗಿ, ಆ ಇಬ್ಬರು ಮಕ್ಕಳ ಹೆಸರಿಗೆ ಎರಡು ಮೊರ ರಾಗಿ ತಂದು ಜೋಳಿಗೆಗೆ ಸುರಿದರು. ಹೆಳವಪ್ಪ ತಲೆ ಎತ್ತಲಿಲ್ಲ.

ಆಮೇಲೆ ಅವನು ನಮ್ಮೂರಿಗೆ ಬರಲೇ ಇಲ್ಲ. ಕಟ್ಟಳೆ ಮೀರಿ ಇಳಿದದ್ದಕ್ಕೆ ಕುಲದವರೇ ಹೊರಗಿಟ್ಟರು ಎಂದರು ಕೆಲವರು. ಸತ್ತ ಎಂದರು ಇನ್ನು ಕೆಲವರು. ದೊಡ್ಡತ್ತೆ ಮಾತ್ರ ಸುಗ್ಗಿ ಬಂದಾಗಲೆಲ್ಲ ಮೊರ ಸಾರಿಸಿಟ್ಟು ಕಾಯುತ್ತಿದ್ದರು. ಆ ಮಕ್ಕಳಿಗೆ ಮದುವೆಯಾಯಿತೋ ಏನೋ, ಅವನನ್ನು ಕೇಳಬೇಕಿತ್ತಂತೆ.

ದೊಡ್ಡತ್ತೆ ಹೋಗಿಯೂ ಎಷ್ಟೋ ಕಾಲವಾಯಿತು. ಬಳ್ಳಾರಿಯಲ್ಲಿ ಆ ಮಕ್ಕಳನ್ನು ಎಲ್ಲಿ ಎಂದು ಹುಡುಕಿ ಹೇಳಿಕಳಿಸುವುದು? ನಮ್ಮ ಅಂಗಳಕ್ಕೆ ಈಗ ಹುಟ್ಟು ಸಾವು ಕೇಳಿಕೊಂಡು ಯಾರೂ ಬರುವುದಿಲ್ಲ. ಹೆಳವಪ್ಪ ನಮ್ಮ ಮನೆತನದ ಹೆಸರುಗಳನ್ನು ತನ್ನ ಮಗನಿಗೇನಾದರೂ ಕಲಿಸಿ ಹೋಗಿದ್ದರೆ, ಆ ಮಗನ ಬಾಯಲ್ಲಿ ದೊಡ್ಡತ್ತೆ ಇನ್ನೂ ಬದುಕಿದ್ದಾರೆ, ಮಕ್ಕಳಿಲ್ಲದ ಹಿರಿಯ ಹೆಂಡತಿಯಾಗಿ.